ನೂಲಿನ ಗಾಲಿ

(ಬಾನುಲಿ ಭಾಷಣ)

ಗಾಲಿ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಭಾರ. ಕಬ್ಬಿನ ಹೊರೆ ಹೊತ್ತು ನರಳುತ್ತ ಸಾಗುವ ಎತ್ತಿನಗಾಡಿ, ನೂರಾರು ಕೈಗಳು ಹಗ್ಗ ಹಿಡಿದೆಳೆದರೂ ಮೊದಮೊದಲು ಅಲುಗಲೊಲ್ಲದ ಊರ ತೇರು, ಇವು ಗಾಲಿಯ ವಿಷಯದಲ್ಲಿ ನಮಗೊಂದು ಸಂಸ್ಕಾರವನ್ನು ಕೊಟ್ಟಿವೆ. ಗಾಲಿಯೆಂದರೆ ಗಟ್ಟಿಯಾಗಿರಬೇಕು, ಗಟ್ಟಿಯಾಗಿರಬೇಕಾದರೆ ತೂಕವಾಗಿರಬೇಕು ಎಂಬುದು ಆ ಸಂಸ್ಕಾರ. ಈ ನಂಬಿಕೆಗೆ ತೀರ ಹೊರತಾದ ಒಂದು ಗಾಲಿಯ ಕಥೆಯನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ. ಅದರ ತೂಕ ಅರ್ಧ ಗುಲಗಂಜಿಯಷ್ಟೂ ಇಲ್ಲ. ಅದು ಹೊರುವುದು ಹೊಲದ ಪೈರನ್ನಲ್ಲ, ದೇವರ ಮೂರ್ತಿಯನ್ನಲ್ಲ; ಒಂದು ಪುಟ್ಟ ವಿಮಾನವನ್ನು. ಅದೂ ಕೆಲವೇ ಕ್ಷಣಗಳ ಕಾಲ.

ಯುರೋಪು ಅಮೆರಿಕಗಳಲ್ಲಿ ಬಹುಕಾಲದಿಂದ ಬೆಳೆದುಬಂದಿರುವ ಒಂದು ಹವ್ಯಾಸವಿದೆ. ಗಾಳಿಯ ಸುಳಿವಿಲ್ಲದ ದೊಡ್ಡ ಸಭಾಂಗಣಗಳ ಒಳಗೆ ಹಗುರವಾದ ಮಾದರಿ ವಿಮಾನಗಳನ್ನು ಹಾರಿಸುವ ಹವ್ಯಾಸ ಅದು. ಅವುಗಳಲ್ಲಿ ಹೆಚ್ಚಿನವಕ್ಕೆ ಎಂಜಿನಿಲ್ಲ. ಒಡಲೊಳಗೆ ಒಂದು ರಬ್ಬರಿನ ಎಳೆ; ಅದನ್ನು ನೂರಾರು ಸುತ್ತು ಹುರಿಗೊಳಿಸಿ ಬಿಟ್ಟರೆ ಅದು ಬಿಚ್ಚಿಕೊಳ್ಳುತ್ತ ಮುಂದಣ ಪಂಖವನ್ನು ತಿರುಗಿಸುತ್ತದೆ. ಒಡಲು ರೆಕ್ಕೆಗಳ ಅಸ್ಥಿಪಂಜರವೆಲ್ಲ ಬಾಲ್ಸಾ ಮರದ ಕಡ್ಡಿ. ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದಿಂದ ಹೆಚ್ಚಾಗಿ ಬರುವ ಈ ಮರ ಎಷ್ಟು ಹಗುರವೆಂದರೆ, ಆಯ್ದ ತುಂಡು ಅಷ್ಟೇ ಗಾತ್ರದ ನೀರಿನ ಹತ್ತನೆಯ ಒಂದು ಪಾಲು ಮಾತ್ರ ತೂಗುತ್ತದೆ. ಈ ಮಾದರಿಗಳಲ್ಲಿ ‘ಪೀನಟ್’ ಎಂಬ ಒಂದು ವರ್ಗವಿದೆ. ಕಡಲೆಕಾಯಿ ಎಂದೇ ಅದರ ಅರ್ಥ. ೧೯೬೦ರ ದಶಕದ ಕೊನೆಯಲ್ಲಿ ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಹವ್ಯಾಸಿಗಳು ಅದನ್ನು ರೂಢಿಗೆ ತಂದರು. ರೆಕ್ಕೆಯ ಉದ್ದ ೧೩ ಅಂಗುಲವನ್ನು ಮೀರಬಾರದು. ನಿಜವಾಗಿ ಹಾರಿದ ಯಾವುದಾದರೊಂದು ವಿಮಾನದ ಪ್ರತಿರೂಪವಾಗಿರಬೇಕು. ನಿಜವಾದ ವಿಮಾನಕ್ಕೆ ಗಾಲಿ ಇದ್ದ ಮೇಲೆ ಅದರ ಪ್ರತಿರೂಪಕ್ಕೂ ಗಾಲಿ ಬೇಕಲ್ಲವೆ? ತೊಡಕು ಪ್ರಾರಂಭವಾಗುವುದು ಇಲ್ಲಿಯೇ.

ತೊಡಕೇನೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಸುಮಾರು ೮ ಗ್ರಾಂ ತೂಗುವ ಒಂದು ಪುಟ್ಟ ವಿಮಾನವನ್ನು ಎತ್ತಿಕೊಳ್ಳೋಣ. ಅದರ ಗಾಲಿಯ ವ್ಯಾಸ ೨.೫ ಸೆಂಟಿಮೀಟರು, ದಪ್ಪ ೪ ಮಿಲಿಮೀಟರು ಇರಲಿ. ಹಗುರವಾದ ಬಾಲ್ಸಾ ಹಲಗೆಯಿಂದಲೇ ಅದನ್ನು ದುಂಡಗೆ ಕತ್ತರಿಸಿದರೂ ಒಂದೊಂದು ಗಾಲಿ ೦.೨ ಗ್ರಾಂ ತೂಗುತ್ತದೆ. ಎರಡೂ ಸೇರಿ ೦.೪ ಗ್ರಾಂ. ಇಡೀ ವಿಮಾನದ ಇಪ್ಪತ್ತನೆಯ ಒಂದು ಪಾಲು! ತೂಕ ನೂರಕ್ಕೆ ಐದರಷ್ಟು ಏರಿದರೆ ಹಾರಾಟಕ್ಕೆ ಬೇಕಾಗುವ ಶಕ್ತಿ ನೂರಕ್ಕೆ ಏಳರಷ್ಟಕ್ಕಿಂತ ಹೆಚ್ಚು ಏರುತ್ತದೆ. ಭಾರವಾದ ವಿಮಾನ ಹೆಚ್ಚು ವೇಗದಿಂದ ಹಾರಬೇಕಾಗುತ್ತದೆ. ಭಾರ, ವೇಗ ಎರಡಕ್ಕೂ ಶಕ್ತಿಯನ್ನು ತೆರಬೇಕಾಗುತ್ತದೆ. ತೆರುವವರು ಯಾರು? ಆ ಒಂದು ರಬ್ಬರಿನ ಎಳೆ. ಅದರಲ್ಲಿ ಕೂಡಿಟ್ಟ ಸುತ್ತುಗಳು ಎಷ್ಟೋ ಅಷ್ಟೇ. ಸಾಲ ತರಲು ಬೇರೆ ಮನೆಯಿಲ್ಲ.

ಹಾಗಾದರೆ ಗಾಲಿಯನ್ನೇ ಬಿಟ್ಟುಬಿಡಬಾರದೇಕೆ ಎಂದು ತಾವು ಕೇಳಬಹುದು. ಹಾಗೆ ಬಿಟ್ಟವರೂ ಇದ್ದಾರೆ. ಹೆಚ್ಚು ಹೊತ್ತು ಹಾರುವುದೊಂದನ್ನೇ ಗುರಿಯಾಗಿಸಿಕೊಂಡ, ಒಂದೂವರೆ ಗ್ರಾಮಿನ ಆಸುಪಾಸಿನ ತೂಕದ ಮಾದರಿಗಳಿವೆ. ಅವಕ್ಕೆ ಗಾಲಿಯಿಲ್ಲ, ಕೈಯಿಂದ ಮೆಲ್ಲನೆ ತೇಲಿಬಿಟ್ಟರೆ ಎತ್ತರದ ಸಭಾಂಗಣದಲ್ಲಿ ಅರ್ಧ ಗಂಟೆಯವರೆಗೂ ಸುತ್ತಬಲ್ಲವು. ಆದರೂ ಗಾಲಿಯನ್ನು ಬಿಡಲೊಪ್ಪದವರ ಪಂಥವೊಂದು ಉಳಿದುಕೊಂಡು ಬಂದಿದೆ. ಅವರ ಹಟದ ಹಿಂದೆ ಎರಡು ಶತಮಾನಗಳ ಇತಿಹಾಸವಿದೆ. ಆ ಇತಿಹಾಸಕ್ಕಾಗಿ ನಾವೀಗ ಇಂಗ್ಲೆಂಡಿನ ಯಾರ್ಕ್‌ಶೈರಿಗೆ ಹೋಗಬೇಕು.

ಅಲ್ಲಿನ ಬ್ರಾಂಪ್ಟನ್ ಎಂಬ ಹಳ್ಳಿಯ ಜಮೀನುದಾರ ಸರ್ ಜಾರ್ಜ್ ಕೇಲಿ. ಹುಟ್ಟಿದ್ದು ೧೭೭೩ರಲ್ಲಿ. ಹಕ್ಕಿಯಂತೆ ರೆಕ್ಕೆ ಬಡಿದು ಹಾರಬೇಕೆಂಬ ಹಳೆಯ ಕನಸನ್ನು ಕೈಬಿಟ್ಟು, ರೆಕ್ಕೆ ನಿಶ್ಚಲವಾಗಿದ್ದು ಎತ್ತಿಹಿಡಿಯಲಿ, ಮುಂದೂಡುವ ಕೆಲಸವನ್ನು ಬೇರೊಂದು ಸಾಧನ ಮಾಡಲಿ ಎಂದು ಮೊದಲು ಸ್ಪಷ್ಟವಾಗಿ ಚಿಂತಿಸಿದವನು ಈತ. ೧೮೦೪ರಲ್ಲಿ ಸುಮಾರು ಐದು ಅಡಿ ಉದ್ದದ ಒಂದು ಮಾದರಿಯನ್ನು ಮಾಡಿ ತೇಲಿಬಿಟ್ಟ. ಇಂದಿನ ವಿಮಾನದ ಆಕಾರವನ್ನು ಅದರಲ್ಲಿ ಗುರುತಿಸಬಹುದು. ಮನುಷ್ಯನನ್ನು ಹೊತ್ತು ಹಾರುವ ಯಂತ್ರವನ್ನು ಕುರಿತು ಯೋಚಿಸತೊಡಗಿದಾಗ ಅವನಿಗೆ ಎದುರಾದ ಪ್ರಶ್ನೆಗಳಲ್ಲಿ ಒಂದು, ಅದು ನೆಲದ ಮೇಲೆ ಓಡುವುದು ಹೇಗೆ ಎಂಬುದು. ಅಂದಿನ ಗಾಡಿಗಳ ಮರದ ಗಾಲಿಯನ್ನು ಕಟ್ಟಿದರೆ ಯಂತ್ರ ನೆಲ ಬಿಟ್ಟು ಏಳುವ ಮಾತೇ ಇರಲಿಲ್ಲ.

ಮರದ ಗಾಲಿಯ ರಚನೆ ನಮಗೆಲ್ಲ ಗೊತ್ತಿರುವುದೇ. ಸಂಸ್ಕೃತದಲ್ಲಿ ನಾಭಿ, ಅರ, ನೇಮಿ ಎನ್ನುತ್ತಾರೆ. ನಡುವಣ ಗುಂಬ, ಅದರಿಂದ ಹೊರಟ ಅರೆಗಳು, ಅವನ್ನು ಬಳಸಿ ನಿಂತ ಸುತ್ತುಬಳೆ. ಗಾಡಿಯ ಭಾರ ಅಚ್ಚಿನಿಂದ ಗುಂಬಕ್ಕೆ ಇಳಿಯುತ್ತದೆ. ಗುಂಬದ ಕೆಳಗೆ ಆ ಕ್ಷಣಕ್ಕೆ ಯಾವ ಅರೆ ಇದೆಯೋ ಅದು ಕಂಬದಂತೆ ನಿಂತು ಆ ಭಾರವನ್ನು ತಾಳಿಕೊಳ್ಳಬೇಕು. ಕಂಬಕ್ಕೆ ದಪ್ಪ ಬೇಕು. ತೆಳುವಾದ ಕಂಬ ಮುರಿಯುವುದಕ್ಕೆ ಮೊದಲೇ ಬಾಗುತ್ತದೆ. ಆದುದರಿಂದ ಅರೆಯನ್ನು ಕೆತ್ತಿ ಕೆತ್ತಿ ಸಣ್ಣದು ಮಾಡುವುದಕ್ಕೆ ಒಂದು ಮಿತಿಯುಂಟು. ಬಡಗಿ ಎಷ್ಟೇ ನಿಪುಣನಾದರೂ ಆ ಮಿತಿಯನ್ನು ದಾಟಲಾರ.

೧೮೦೮ರಲ್ಲಿ ಕೇಲಿ ಈ ಮಿತಿಯನ್ನು ಕೆತ್ತನೆಯಿಂದಲ್ಲ, ಯೋಚನೆಯಿಂದ ದಾಟಿದ. ಹಾರುವ ಬಂಡಿಗೆ ಅತ್ಯಂತ ಹಗುರವಾದ ಗಾಲಿ ಯಾವುದೆಂದು ವಿಚಾರಮಾಡುತ್ತ, ಮರದ ಅರೆಗಳನ್ನು ಪೂರ್ತಿಯಾಗಿ ತೆಗೆದುಹಾಕಿ ಬಿಗಿಯಾಗಿ ಎಳೆದು ಕಟ್ಟಿದ ಹುರಿಗಳಿಂದ ಗುಂಬವನ್ನು ಸುತ್ತುಬಳೆಗೆ ಬಂಧಿಸಬಹುದೆಂದು ತನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟ. ಇದರ ಮರ್ಮ ಬಹಳ ಸರಳವಾದುದು. ಬಾವಿಯ ಹಗ್ಗವನ್ನು ನೆನೆಯಿರಿ. ಅದು ತುಂಬಿದ ಕೊಡವನ್ನು ಎತ್ತುತ್ತದೆ. ಆದರೆ ಅದನ್ನೇ ನೆಟ್ಟಗೆ ನಿಲ್ಲಿಸಿ ಚಪ್ಪರಕ್ಕೆ ಕಂಬವಾಗಿಸಲು ಬರುವುದಿಲ್ಲ. ಒತ್ತಿದರೆ ಕುಸಿಯುವ ವಸ್ತು ಎಳೆದರೆ ಎಷ್ಟೋ ಪಾಲು ಬಲವಾಗಿರುತ್ತದೆ. ಕೇಲಿಯ ಗಾಲಿಯಲ್ಲಿ ಗುಂಬ ಕೆಳಗಿನ ಕಂಬದ ಮೇಲೆ ಕೂತಿಲ್ಲ. ಸುತ್ತಲಿನ ಹುರಿಗಳ ಬಿಗಿತದ ನಡುವೆ ತೂಗಿಕೊಂಡಿದೆ. ಬಾಗುವ ಭಯವಿಲ್ಲದ ಮೇಲೆ ದಪ್ಪವೂ ಬೇಡ. ಭಾರವನ್ನು ಹೊರುವ ರೀತಿ ಬದಲಾಯಿತು. ಅದರಿಂದ ಹೊರುವ ವಸ್ತುವಿನ ತೂಕ ತಾನಾಗಿ ಇಳಿಯಿತು.

ನಮ್ಮ ಕೈರಾಟೆಯಲ್ಲಿಯೂ ನೂಲಿಗೆ ಇಂಥದೊಂದು ಗೌರವ ದೊರೆತಿರುವುದನ್ನು ಇಲ್ಲಿ ನೆನೆಯಬಹುದು. ಹಳೆಯ ಬಗೆಯ ರಾಟೆಗಳಲ್ಲಿ ಚಕ್ರಕ್ಕೆ ಮರದ ಸುತ್ತುಬಳೆಯೇ ಇರುತ್ತಿರಲಿಲ್ಲ. ಎರಡು ಸಾಲು ಅರೆಗಳ ತುದಿಗಳ ನಡುವೆ ಹುರಿಯನ್ನು ಅತ್ತಿತ್ತ ಎಳೆದು ಹೆಣೆದರೆ ಆ ಹುರಿಯ ಹೆಣಿಗೆಯೇ ನೇಮಿಯಾಗುತ್ತಿತ್ತು. ಅಲ್ಲಿ ನೂಲು ನೇಮಿಯ ಸ್ಥಾನದಲ್ಲಿ. ಕೇಲಿಯ ಕಲ್ಪನೆಯಲ್ಲಿ ಅರೆಯ ಸ್ಥಾನದಲ್ಲಿ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಎಳೆತದಲ್ಲಿ ಬಲವಿದೆಯೆಂಬ ಅರಿವು ಒಬ್ಬನದಲ್ಲ, ಒಂದು ದೇಶದ್ದಲ್ಲ ಎಂದಷ್ಟೇ ನನ್ನ ಅಭಿಪ್ರಾಯ.

ಕೇಲಿ ಗಾಲಿಯನ್ನು ಕಲ್ಪಿಸಿದನೇನೋ ಸರಿ, ಅದನ್ನು ಕಟ್ಟಿಕೊಂಡು ಹಾರಬೇಕಾಗಿದ್ದ ವಿಮಾನ ಎಲ್ಲಿತ್ತು? ಹಗುರವಾದ ಎಂಜಿನು ಇನ್ನೂ ಹುಟ್ಟಿರಲಿಲ್ಲ. ೧೮೫೩ರಲ್ಲಿ, ತನ್ನ ಇಳಿವಯಸ್ಸಿನಲ್ಲಿ, ಅವನು ಎಂಜಿನಿಲ್ಲದ ಗ್ಲೈಡರೊಂದನ್ನು ಕಟ್ಟಿಸಿ ಬ್ರಾಂಪ್ಟನ್ನಿನ ಕಣಿವೆಯ ಮೇಲೆ ಹಾರಿಸಿದ. ಅದರಲ್ಲಿ ಕೂತವನು ಅವನ ಸಾರೋಟಿನ ಚಾಲಕನಂತೆ. ಕೆಳಗಿಳಿದವನೇ, ತನ್ನನ್ನು ಗಾಡಿ ಹೊಡೆಯಲು ನೇಮಿಸಿಕೊಂಡದ್ದೇ ಹೊರತು ಹಾರಲು ಅಲ್ಲವೆಂದು ಹೇಳಿ ಕೆಲಸ ಬಿಟ್ಟನೆಂಬುದು ಆ ಮನೆತನದಲ್ಲಿ ಉಳಿದುಬಂದ ಕಥೆ. ೧೮೫೭ರಲ್ಲಿ ಕೇಲಿ ತೀರಿಕೊಂಡ. ಅವನ ವಿಮಾನ ಕಾಗದದಲ್ಲಿಯೇ ಉಳಿಯಿತು.

ಆದರೆ ಎಳೆತದ ಗಾಲಿಗೆ ನೆಲದ ಮೇಲೆಯೇ ಬೇರೊಂದು ಬದುಕು ಕಾದಿತ್ತು. ೧೮೨೬ರಲ್ಲಿ ಥಿಯೊಡೋರ್ ಜೋನ್ಸ್ ಎಂಬಾತ ಇಂಗ್ಲೆಂಡಿನಲ್ಲಿ ಕಬ್ಬಿಣದ ತೂಗುಗಾಲಿಗೆ ಹಕ್ಕುಪತ್ರ ಪಡೆದ. ೧೮೬೯ರಲ್ಲಿ ಪ್ಯಾರಿಸ್ಸಿನ ಯೂಜೀನ್ ಮೇಯರ್ ತಂತಿಕಡ್ಡಿಯ ಗಾಲಿಯನ್ನು ಸೈಕಲ್ಲಿಗೆ ಹೊಂದಿಸಿದ. ೧೮೭೪ರಲ್ಲಿ ಕವೆಂಟ್ರಿಯ ಜೇಮ್ಸ್ ಸ್ಟಾರ್ಲಿ ಆ ಕಡ್ಡಿಗಳನ್ನು ಗುಂಬದಿಂದ ನೇರವಾಗಿ ಹೊರಡಿಸದೆ ಓರೆಯಾಗಿ, ಒಂದನ್ನೊಂದು ಹಾಯುವಂತೆ ಜೋಡಿಸಿದ. ಇಂದಿಗೂ ನಮ್ಮ ಬೀದಿಯ ಸೈಕಲ್ಲುಗಳಲ್ಲಿ ಕಾಣುವುದು ಅದೇ ಜೋಡಣೆ. ಆಕಾಶಕ್ಕೆಂದು ಹುಟ್ಟಿದ ಗಾಲಿ ಹೀಗೆ ಅಂಚೆಯವನ, ಹಾಲಿನವನ, ಶಾಲೆಯ ಮೇಷ್ಟರ ಸೊತ್ತಾಯಿತು.

ಈ ನಡುವೆ ಪುಟ್ಟ ವಿಮಾನಗಳ ಕಥೆಯೂ ಮುಂದುವರಿಯಿತು. ೧೮೭೧ರ ಆಗಸ್ಟ್ ೧೮ರಂದು ಪ್ಯಾರಿಸ್ಸಿನ ಟ್ಯುಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೊ ಎಂಬ ಇಪ್ಪತ್ತೊಂದು ವರ್ಷದ ಯುವಕ ತನ್ನ ಮಾದರಿಯೊಂದನ್ನು ತಜ್ಞರ ಮುಂದೆ ಹಾರಿಸಿದ. ತೂಕ ೧೬ ಗ್ರಾಂ. ಶಕ್ತಿ, ಹುರಿಗೊಳಿಸಿದ ರಬ್ಬರು. ಅದು ೧೧ ಸೆಕೆಂಡುಗಳಲ್ಲಿ ಸುಮಾರು ೪೦ ಮೀಟರು ಹಾರಿತು. ಇಂದಿನ ಸಭಾಂಗಣದ ಮಾದರಿಗಳೆಲ್ಲ ಅದರ ಸಂತಾನ. ಅದಕ್ಕೆ ಗಾಲಿಯಿರಲಿಲ್ಲ, ಕೈಯಿಂದ ಬಿಡುವಂಥದು. ಆದರೆ ಐದು ವರ್ಷಗಳ ಬಳಿಕ, ೧೮೭೬ರಲ್ಲಿ, ಗೆಳೆಯನೊಬ್ಬನ ಜೊತೆಗೂಡಿ ಪೆನೊ ಹಕ್ಕುಪತ್ರ ಪಡೆದ ದೊಡ್ಡ ವಿಮಾನದ ನಕ್ಷೆಯಲ್ಲಿ ಗಾಲಿಗಳಿದ್ದವು. ಹಾರುವಾಗ ಒಳಗೆ ಮಡಿಸಿಕೊಳ್ಳುವ ಗಾಲಿಗಳು! ಆಕಾಶದಲ್ಲಿ ಗಾಲಿ ಹೊರೆಯೆಂದೂ ನೆಲದಲ್ಲಿ ಅದಿಲ್ಲದೆ ಆಗದೆಂದೂ ಅವನು ಆಗಲೇ ಕಂಡುಕೊಂಡಿದ್ದ. ಅದನ್ನು ಕಟ್ಟಲು ಹಣ ಕೊಡುವವರು ದೊರೆಯಲಿಲ್ಲ. ೧೮೮೦ರಲ್ಲಿ, ಮೂವತ್ತರ ಹರೆಯದಲ್ಲಿ, ಆತ ತನ್ನ ಬಾಳನ್ನು ತಾನೇ ಮುಗಿಸಿಕೊಂಡ.

ಪೆನೊ ರೂಢಿಗೆ ತಂದ ರಬ್ಬರಿನ ಆಟಿಕೆಗಳಲ್ಲಿ ಒಂದು ೧೮೭೮ರಲ್ಲಿ ಅಮೆರಿಕದ ಇಬ್ಬರು ಹುಡುಗರ ಕೈಸೇರಿತು. ತಂದೆ ತಂದುಕೊಟ್ಟ ಆ ಆಟಿಕೆ ತಮ್ಮ ಆಸಕ್ತಿಯ ಮೂಲವೆಂದು ಅವರು ಮುಂದೆ ನೆನೆದರು. ಅವರೇ ವಿಲ್ಬರ್ ಮತ್ತು ಆರ್ವಿಲ್ ರೈಟ್. ದೊಡ್ಡವರಾದ ಮೇಲೆ ಅವರ ಕಸುಬು ಸೈಕಲ್ ಮಾಡುವುದು. ಕೇಲಿಯ ಗಾಲಿಯೂ ಪೆನೊವಿನ ರಬ್ಬರೂ ಒಂದೇ ಮನೆಯಲ್ಲಿ ಸಂಧಿಸಿದುವೆಂದು ಹೇಳಬಹುದು. ಆದರೂ ಒಂದು ವಿಚಿತ್ರವನ್ನು ನೋಡಿ: ೧೯೦೩ರ ಡಿಸೆಂಬರ್ ೧೭ರಂದು ಅವರು ಹಾರಿಸಿದ ಮೊದಲ ವಿಮಾನಕ್ಕೆ ಗಾಲಿಯೇ ಇರಲಿಲ್ಲ! ಕಿಟಿ ಹಾಕ್ ಮರಳಿನ ಊರು. ಅಲ್ಲಿ ಗಾಲಿ ಹೂತುಹೋಗುತ್ತದೆ. ಅವರು ೬೦ ಅಡಿಯ ಒಂದು ಮರದ ಹಳಿಯನ್ನು ಹಾಸಿ, ಸೈಕಲ್ಲಿನ ಗುಂಬಗಳನ್ನೇ ಉರುಳೆಗಳನ್ನಾಗಿ ಮಾಡಿ, ಅದರ ಮೇಲೆ ವಿಮಾನವನ್ನು ಓಡಿಸಿದರು. ವಿಮಾನ ಮೇಲೆದ್ದಿತು, ಉರುಳೆಗಳು ನೆಲದಲ್ಲುಳಿದವು. ಮರುವರ್ಷ ಗಾಳಿ ಕಡಿಮೆಯಿದ್ದ ಬಯಲಿಗೆ ಬಂದಾಗ, ಗೋಪುರದಿಂದ ಭಾರವನ್ನು ಬೀಳಿಸಿ ಅದರ ಸೆಳೆತದಿಂದ ವಿಮಾನವನ್ನು ಮುನ್ನೂಕುವ ಏರ್ಪಾಟನ್ನೂ ಮಾಡಿಕೊಂಡರು.

ವಾದ ಹುಟ್ಟಿದ್ದು ಇಲ್ಲಿಂದ. ೧೯೦೬ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ಬಳಿ ರುಮೇನಿಯದ ತ್ರಾಯಾನ್ ವುಯಾ ನಾಲ್ಕು ಗಾಲಿಯ ವಿಮಾನವೊಂದನ್ನು ತನ್ನ ಶಕ್ತಿಯಿಂದಲೇ ಓಡಿಸಿ, ಸುಮಾರು ೧೨ ಮೀಟರು ದೂರ ನೆಲದಿಂದ ಮೇಲೆತ್ತಿದ. ಅದೇ ವರ್ಷದ ಅಕ್ಟೋಬರ್ ೨೩ರಂದು ಬ್ರೆಜಿಲಿನ ಸಾಂಟೋಸ್ ಡ್ಯೂಮಾಂಟ್ ಪ್ಯಾರಿಸ್ಸಿನ ಜನರೆದುರು ಗಾಲಿಗಳ ಮೇಲೆ ಓಡಿ ನೆಲ ಬಿಟ್ಟು ಸುಮಾರು ೬೦ ಮೀಟರು ಹಾರಿದ. ನವೆಂಬರ್ ೧೨ರಂದು ೨೨೦ ಮೀಟರು. ಹಳಿಯಿಲ್ಲದೆ, ನೂಕುವ ಭಾರವಿಲ್ಲದೆ, ತನ್ನ ಗಾಲಿಯಿಂದ ತಾನೇ ಎದ್ದುದೇ ನಿಜವಾದ ಹಾರಾಟವೆಂದು ಬ್ರೆಜಿಲಿನ ಜನ ಇಂದಿಗೂ ವಾದಿಸುತ್ತಾರೆ. ೧೯೦೩ರಲ್ಲಿ ರೈಟ್ ಸೋದರರು ಭಾರವನ್ನು ಬೀಳಿಸಿರಲಿಲ್ಲ, ಎದುರುಗಾಳಿ ಮಾತ್ರ ಇತ್ತು; ವಿಮಾನವನ್ನು ಹತೋಟಿಯಲ್ಲಿಟ್ಟು ನಡೆಸುವ ವಿದ್ಯೆಯಲ್ಲಿ ಅವರನ್ನು ಸರಿಗಟ್ಟುವವರು ಆಗ ಯಾರೂ ಇರಲಿಲ್ಲ. ಆದುದರಿಂದ ಗಾಲಿಯೊಂದನ್ನೇ ತೀರ್ಪುಗಾರನನ್ನಾಗಿ ಮಾಡುವುದು ನ್ಯಾಯವಲ್ಲ. ಆದರೆ ಆ ವಾದ ಎತ್ತಿದ ಪ್ರಶ್ನೆ ಮಾತ್ರ ಹುಸಿಯಲ್ಲ. ಯಾರೂ ಎತ್ತದೆ, ಯಾರೂ ನೂಕದೆ ತಾನಿರುವ ನೆಲದಿಂದ ತಾನೇ ಏಳುವುದಕ್ಕೂ ಏಳಿಸಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ರೈಟ್ ಸೋದರರೂ ೧೯೧೦ರ ತಮ್ಮ ಹೊಸ ಮಾದರಿಗೆ ಗಾಲಿಗಳನ್ನು ಜೋಡಿಸಿದರು.

ಮಹಾಭಾರತವನ್ನು ಬಲ್ಲವರಿಗೆ ಇಲ್ಲಿ ಧರ್ಮರಾಯನ ರಥ ನೆನಪಾಗದಿರದು. ಸತ್ಯದ ಬಲದಿಂದ ಅದು ನೆಲಕ್ಕೆ ತಾಗದೆ ನಾಲ್ಕು ಅಂಗುಲ ಮೇಲೆ ಚಲಿಸುತ್ತಿತ್ತು. ಅಶ್ವತ್ಥಾಮನ ವಿಷಯವಾಗಿ ಅರ್ಧಸತ್ಯವನ್ನಾಡಿದೊಡನೆ ನೆಲಕ್ಕಿಳಿಯಿತು. ಅಲ್ಲಿ ನೆಲ ಮುಟ್ಟದ ಗಾಲಿ ಸತ್ಯದ ಗುರುತು. ವಿಮಾನದ ಇತಿಹಾಸದಲ್ಲಿ ಇದು ತಿರುವುಮುರುವಾಗಿದೆ. ನೆಲವನ್ನು ಮುಟ್ಟಿ, ನೆಲದ ಮೇಲೆ ಓಡಿ, ಅನಂತರ ಬಿಟ್ಟ ಗಾಲಿಯೇ ಇಲ್ಲಿ ಹಾರಾಟದ ಸತ್ಯಕ್ಕೆ ಸಾಕ್ಷಿ.

ಈ ಸಾಕ್ಷಿಯ ಮೇಲಿನ ನಿಷ್ಠೆಯೇ ಪುಟ್ಟ ಮಾದರಿಗಳಿಗೂ ಇಳಿದುಬಂದಿತು. ಅಮೆರಿಕದಲ್ಲಿ ೧೯೨೦-೩೦ರ ದಶಕಗಳಲ್ಲಿ ಹುಡುಗರ ಅಚ್ಚುಮೆಚ್ಚಿನ ಮಾದರಿಯ ಹೆಸರೇ ‘ಆರ್.ಓ.ಜಿ.’, ‘ನೆಲದಿಂದ ಏಳುವುದು’ ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರಗಳು ಅವು. ಒಂದು ಕಡ್ಡಿ, ಒಂದು ರೆಕ್ಕೆ, ಒಂದು ರಬ್ಬರೆಳೆ, ಎರಡು ಗಾಲಿ. ಇಂದಿಗೂ ಕೆಲವು ಸ್ಪರ್ಧೆಗಳಲ್ಲಿ ಪ್ರತಿರೂಪದ ಮಾದರಿಗಳು ತಾವಾಗಿ ನೆಲದಿಂದೆದ್ದರೆ ಅದಕ್ಕೆ ವಿಶೇಷ ಮನ್ನಣೆಯುಂಟು. ಗಾಲಿ ಕೇವಲ ಅಲಂಕಾರವಾದರೆ ಸಾಲದು, ತಿರುಗಬೇಕು, ಹಗುರವಾಗಿ ತಿರುಗಬೇಕು.

ಅದನ್ನು ಮಾಡುವ ಬಗೆಗಳು ಹಲವು. ಹಗುರವಾದ ಬೆಂಡಿನಂಥ ಪ್ಲಾಸ್ಟಿಕ್ ನೊರೆಯನ್ನು ಹರಿತವಾದ ಹಿತ್ತಾಳೆ ಕೊಳವೆಯಿಂದ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುವುದು ಒಂದು. ದುಂಡನೆಯ ಕಾಗದದಲ್ಲಿ ಒಂದು ತ್ರಿಕೋನದ ಸೀಳನ್ನು ತೆಗೆದು ಅಂಚುಗಳನ್ನು ಕೂಡಿಸಿದರೆ ಅದು ತಗ್ಗಾದ ಗೋಪುರದಂತಾಗುತ್ತದೆ. ಅಂಥ ಎರಡನ್ನು ಬೆನ್ನುಹತ್ತಿಸದೆ ಅಂಚಿಗೆ ಅಂಚು ಕೂಡಿಸಿ ಗಾಲಿ ಮಾಡುವುದು ಇನ್ನೊಂದು. ಚಪ್ಪಟೆಯಾಗಿದ್ದಾಗ ಜೋಲುತ್ತಿದ್ದ ಕಾಗದ ಈ ಆಕಾರದಲ್ಲಿ ಸೆಟೆದು ನಿಲ್ಲುತ್ತದೆ. ಆದರೆ ೧೯೦೯ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದ ಬ್ಲೇರಿಯೊವಿನ ವಿಮಾನದಂಥ ಹಳೆಯ ಮಾದರಿಯನ್ನು ಮಾಡುವವನಿಗೆ ಇವೆರಡೂ ಒದಗಲಾರವು. ಅದರ ಗಾಲಿ ಸೈಕಲ್ಲಿನ ಗಾಲಿ; ಕಡ್ಡಿಗಳು ಕಣ್ಣಿಗೆ ಕಾಣಬೇಕು. ಆಗ ಅವನು ಕೇಲಿಯ ದಾರಿಗೇ ಬರುತ್ತಾನೆ.

ಮೊದಲು ತೆಳುವಾದ ಬಾಲ್ಸಾ ಪಟ್ಟಿಯನ್ನು ನೀರಿನಲ್ಲಿ ನೆನೆಸಿ, ತಕ್ಕ ಗಾತ್ರದ ಸೀಸೆಗೋ ಕೊಳವೆಗೋ ಎರಡು ಸುತ್ತು ಸುತ್ತಿ, ಅಂಟಿಸಿ ಒಣಗಿಸುತ್ತಾನೆ. ಸುತ್ತುಬಳೆ ಸಿದ್ಧವಾಯಿತು. ಕೂದಲಿನಷ್ಟು ತೆಳುವಾದ ಲೋಹದ ಕೊಳವೆಯ ಚೂರೋ, ತಂತಿಯ ಮೇಲೆ ಅಂಟು ಸವರಿ ಸುರುಳಿಸುತ್ತಿದ ಕಾಗದವೋ ಗುಂಬವಾಗುತ್ತದೆ. ಹಲಗೆಯ ಮೇಲೆ ಸಮ ಅಂತರದಲ್ಲಿ ಗುಂಡುಸೂಜಿಗಳನ್ನು ನೆಟ್ಟು, ನಡುವೆ ಗುಂಬವನ್ನು ನಿಲ್ಲಿಸಿ, ಸಣ್ಣ ನೂಲನ್ನು ಬಳೆಯಿಂದ ಗುಂಬದ ಮೇಲ್ತುದಿಗೆ, ಅಲ್ಲಿಂದ ಬಳೆಗೆ, ಮತ್ತೆ ಗುಂಬದ ಕೆಳತುದಿಗೆ ಎಳೆಯುತ್ತ ಹೋಗುತ್ತಾನೆ. ಎಲ್ಲ ಎಳೆಗಳ ಬಿಗಿತವೂ ಒಂದೇ ಆಗಿರಬೇಕು. ಒಂದು ಎಳೆ ಹೆಚ್ಚು ಬಿಗಿದರೆ ಬಳೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಒಂದು ಸಡಿಲಾದರೆ ಗುಂಬ ನಡುವನ್ನು ಬಿಟ್ಟು ಸರಿಯುತ್ತದೆ. ಕೊನೆಗೆ ನೀರಾದ ಅಂಟಿನ ಒಂದೊಂದು ಹನಿ. ಅಚ್ಚಿನ ತುದಿಯಲ್ಲಿ ಗಾಲಿ ಕಳಚದಂತೆ ಅಂಟಿನ ಚುಕ್ಕೆಯಿಡುವ ಮುನ್ನ ಒಳಗೆ ಎಣ್ಣೆ ಸೋಕಿಸಬೇಕು. ಇಲ್ಲವಾದರೆ ಅಂಟು ಒಳಕ್ಕಿಳಿದು ಇಷ್ಟೂ ಶ್ರಮದ ಗಾಲಿ ತಿರುಗದೆ ನಿಂತುಬಿಡುತ್ತದೆ. ಎಲ್ಲ ಸೇರಿ ತೂಕ ಸುಮಾರು ೦.೦೫ ಗ್ರಾಂ, ಬಾಲ್ಸಾ ಬಿಲ್ಲೆಯ ಕಾಲುಭಾಗ. ಅದರಲ್ಲಿಯೂ ಹೆಚ್ಚಿನದು ಬಳೆಯ ತೂಕ. ಹದಿನಾರು ಎಳೆಗಳ ತೂಕ ಲೆಕ್ಕಕ್ಕೇ ಸಿಕ್ಕದು.

ಇಂಥ ಮಾದರಿಗಳು ಹಾರಿದ ಸ್ಥಳಗಳಲ್ಲಿ ಇಂಗ್ಲೆಂಡಿನ ಕಾರ್ಡಿಂಗ್ಟನ್ನಿನ ಮಹಾಶಾಲೆಯೂ ಒಂದು. ಉದ್ದ ೮೦೦ ಅಡಿಗೂ ಮಿಗಿಲು, ಎತ್ತರ ೧೫೦ ಅಡಿಗೂ ಮಿಗಿಲು. ಅದು ಎದ್ದದ್ದು ವಾಯುನೌಕೆಗಳಿಗಾಗಿ. ‘ಆರ್ ೧೦೧’ ಎಂಬ ಭಾರಿ ವಾಯುನೌಕೆ ಅಲ್ಲಿಂದ ಭಾರತದತ್ತ ಹೊರಟು ೧೯೩೦ರ ಅಕ್ಟೋಬರ್ ೫ರಂದು ಫ್ರಾನ್ಸಿನಲ್ಲಿ ಬಿದ್ದು ಉರಿಯಿತು. ೪೮ ಮಂದಿ ಮಡಿದರು. ಆ ಸಾಹಸವೂ ಅಲ್ಲಿಗೆ ಮುಗಿಯಿತು. ಬರಿದಾಗಿ ಉಳಿದ ಆ ಬೃಹತ್ತಾದ ಮಾಡಿನಡಿಯ ನಿಶ್ಚಲವಾದ ಗಾಳಿಯಲ್ಲಿ ಮುಂದೆ ಹಲವು ದಶಕಗಳ ಕಾಲ ಗ್ರಾಂ ತೂಕದ ವಿಮಾನಗಳು ಸದ್ದಿಲ್ಲದೆ ಸುತ್ತಿದವು. ಸಾಮ್ರಾಜ್ಯದ ಹೆಮ್ಮೆಗೆಂದು ಕಟ್ಟಿದ ಮನೆ ಹವ್ಯಾಸಿಗಳ ತಾಳ್ಮೆಗೆ ಆಶ್ರಯವಾಯಿತು.

ನೂಲಿನ ಗಾಲಿ ನೆಲದ ಮೇಲೆ ಓಡುವುದು ಎರಡೋ ಮೂರೋ ಅಡಿ. ಬಳಿಕ ವಿಮಾನ ಏಳುತ್ತದೆ. ಗಾಲಿ ಗಾಳಿಯಲ್ಲಿ ತುಸು ಹೊತ್ತು ತಾನೇ ತಿರುಗಿ ನಿಲ್ಲುತ್ತದೆ. ಉಳಿದ ಹಾರಾಟವೆಲ್ಲ ಅದು ಬರಿಯ ಹೊರೆ. ಈ ಎರಡು ಅಡಿಗಾಗಿ ಒಂದು ಸಂಜೆಯೆಲ್ಲ ಕೂತು ಹದಿನಾರು ಎಳೆಗಳನ್ನು ಸಮನಾಗಿ ಬಿಗಿಯುವುದು ಲಾಭದ ಲೆಕ್ಕಕ್ಕೆ ಒಗ್ಗದ ಮಾತು. ಆದರೆ ಕೇಲಿಯೂ ತನ್ನ ಕಾಲದಲ್ಲಿ ಹಾರದ ವಿಮಾನಕ್ಕೆ ಗಾಲಿ ಮಾಡಿದವನೇ. ತಾನು ಕಟ್ಟಲಾರದ ಯಂತ್ರಕ್ಕೆ ಬೇಕಾದ ಒಂದು ಅಂಗವನ್ನು ಆತ ಸರಿಯಾಗಿ ಯೋಚಿಸಿಟ್ಟ. ಅದು ಅವನ ಕೈಗೆ ಒದಗದಿದ್ದರೂ ಲೋಕದ ಅರ್ಧ ಜನರ ಓಡಾಟಕ್ಕೆ ಒದಗಿತು. ಶತಮಾನ ಕಳೆದ ಮೇಲೆ ವಿಮಾನಕ್ಕೂ ಒದಗಿತು. ಮನೆಯ ಮುಂದೆ ಒರಗಿಸಿಟ್ಟ ಸೈಕಲ್ಲಿನ ಕಡ್ಡಿಯೊಂದನ್ನು ಬೆರಳಿನಿಂದ ಮೀಟಿ ನೋಡಿ. ತಂಬೂರಿಯ ತಂತಿಯಂತೆ ಅದು ಮಿಡಿಯುತ್ತದೆ. ೧೮೦೮ರಲ್ಲಿ ಒಬ್ಬ ಹಳ್ಳಿಯ ಜಮೀನುದಾರ ಆಕಾಶಕ್ಕಾಗಿ ಬಿಗಿದ ಹುರಿ ಅದು.